ಗಾಡಿ ಮಾತು: ಕಟ್ಟೆ ನೋಡಿದರೆ ಕಟ್ಟೆಗೇ ಹೋಗುತ್ತೀರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧ ಘಾಟಿಯವೇ. ಮಳೆ ನಿಂತಿದೆ, ಎಲ್ಲರಿಗೂ ಆಗುಂಬೆ, ಚಾರ್ಮಾಡಿ ನೆನಪಾಗಿದೆ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ರೇಸ್ ಓಡಿಸಿದವನಲ್ಲ. 26 ವರ್ಷ ಮೆಡಿಕಲ್ ರೆಪ್ ಆಗಿ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ಅಂತ ಬೈಕಿನಲ್ಲೇ ಅಲೆದವನು. ಹಿಂದೆ ಸ್ಯಾಂಪಲ್ ಬ್ಯಾಗು, ಕುತ್ತಿಗೆಗೆ ಟೈ. ಟೈ ಕಟ್ಟಿಕೊಂಡವನು ಘಾಟಿಯಲ್ಲಿ ಬಿದ್ದರೆ ಎತ್ತುವವರಿಗಿಂತ ನಗುವವರೇ ಜಾಸ್ತಿ.

ಆರು ತಿಂಗಳ ಹಿಂದೆ 350 ಸಿಸಿ ಬೈಕ್ ತಗೊಂಡೆ. ಊರೊಳಗೆ ದಿನಾ ಓಡಿಸುತ್ತೇನೆ, ತೊಂದರೆ ಇಲ್ಲ. ಕಳೆದ ತಿಂಗಳು ಆಗುಂಬೆ ಇಳಿಯುವಾಗ ಎಡ ತಿರುವುಗಳಲ್ಲೆಲ್ಲ ಬೈಕ್ ತಾನಾಗೇ ಬಲಕ್ಕೆ ಹೋಗುತ್ತಿತ್ತು. ಒಂದು ಕಡೆ ಎದುರಿಗೆ ಮಿನಿ ಬಸ್ ಬಂತು, ಕೂದಲೆಳೆಯಲ್ಲಿ ಪಾರಾದೆ. ಹ್ಯಾಂಡಲ್ ಏನಾದರೂ ಸರಿಯಿಲ್ಲವಾ?
– ಓದುಗ, ಬೆಂಗಳೂರು

ಹ್ಯಾಂಡಲ್ ಸರಿಯಾಗೇ ಇದೆ. ಆ ಬಸ್ಸನ್ನು ನೀವು ಎಷ್ಟು ಹೊತ್ತು ನೋಡಿದಿರಿ ಅಂತ ಒಂಚೂರು ನೆನಪು ಮಾಡಿಕೊಳ್ಳಿ. ಪಾರಾಗುವವರೆಗೂ ಅದನ್ನೇ ನೋಡುತ್ತಿದ್ದಿರಿ, ಅಲ್ವಾ?

ನನ್ನದೂ ಇದೇ ಕಥೆ. 1994ರ ಜುಲೈ, ಆರ್‌ಎಕ್ಸ್ 100. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು ಸಿಗುತ್ತವೆ. ಮೇಲಿಂದ ಆರನೆಯದೋ ಏಳನೆಯದೋ, ಬಲಕ್ಕೆ ತಿರುಗುವಂಥದ್ದು. ಸ್ಪೀಡು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಅನ್ನಿಸಿದ ತಕ್ಷಣ ಕಣ್ಣು ಎಡಗಡೆಯ ಕಟ್ಟೆಗೆ ಹೋಯಿತು. ಸುಣ್ಣ ಬಳಿದ ಕಲ್ಲು, ಮೇಲೆ ಹಸಿರು ಪಾಚಿ, ನಡುವೆ ಒಂದು ಬಿರುಕು. ಆ ಬಿರುಕು ಇವತ್ತಿಗೂ ಕಣ್ಣಮುಂದಿದೆ. ರಸ್ತೆ ಹೇಗಿತ್ತು ಅನ್ನೋದು ಮಾತ್ರ ನೆನಪೇ ಇಲ್ಲ, ಯಾಕೆಂದರೆ ರಸ್ತೆಯನ್ನು ನಾನು ನೋಡಲೇ ಇಲ್ಲ. ಸೀದಾ ಹೋಗಿ ಅದೇ ಬಿರುಕಿಗೆ ಗುದ್ದಿದೆ. ಮಂಡಿ ತರಚಿತು, ಕೆಮ್ಮಿನ ಸಿರಪ್ಪಿನ ಬಾಟಲಿಗಳೆಲ್ಲ ಒಡೆದವು. ಮೂರು ದಿನ ನನ್ನ ಬ್ಯಾಗಿಗೆ ಇರುವೆ ಮುತ್ತಿಕೊಂಡಿದ್ದವು.

ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಹೆದರಿಕೆಯಾದಾಗ ಕಣ್ಣು ಹೋಗುವುದೇ ಅಪಾಯದ ಕಡೆಗೆ, ಅದೇ ಕಷ್ಟ. ಅದಕ್ಕೇ ತಿರುವಿಗೆ ಹೋಗುವ ಮುಂಚೆಯೇ ಗಲ್ಲವನ್ನು ತಿರುಗಿಸಿ. ಬರೀ ಕಣ್ಣಲ್ಲ, ಪೂರ್ತಿ ತಲೆ. ಹೇರ್‌ಪಿನ್‌ನಲ್ಲಿ ನಿಮ್ಮ ಗಲ್ಲ ಹೆಗಲ ಮೇಲೆ ಬರುವಷ್ಟು ತಿರುಗಬೇಕು, ತಿರುವು ಮುಗಿಯುವ ಜಾಗ ಹುಡುಕಬೇಕು. ಮೊದಮೊದಲು ನಾಚಿಕೆಯಾಗುತ್ತೆ. ಆಗಲಿ.

ಎರಡನೆಯದು ಸ್ಪೀಡು. ಬ್ರೇಕು, ಗೇರು ಎರಡೂ ಕೆಲಸ ಬೈಕ್ ನೆಟ್ಟಗಿರುವಾಗಲೇ ಮುಗಿಯಬೇಕು. ಸ್ಪೀಡ್ ಇಳಿಸಿ, ಸೆಕೆಂಡ್ ಗೇರಿಗೆ ಬನ್ನಿ. ತೀರಾ ಕಡಿದಾದ ಕಡೆ ಫಸ್ಟ್. ಕ್ಲಚ್ ಪೂರ್ತಿ ಬಿಡಿ, ಆಮೇಲೆ ಒಳಗೆ ಹೋಗಿ. ಹೋದ ಮೇಲೆ ಆಕ್ಸಿಲರೇಟರ್ ಸುಮ್ನೆ ಚೂರೇ ಚೂರು ಹಿಡಿದಿರಬೇಕು, ಅಷ್ಟೆ. ಹೊಸಬರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. ಜೋರಾಗಿ ಒಳಗೆ ಹೋಗಿ, ನಡುವೆ ಗಾಬರಿಯಾಗಿ ಕ್ಲಚ್ಚು, ಬ್ರೇಕು ಎರಡೂ ಒಟ್ಟಿಗೆ ಹಿಡಿಯುತ್ತಾರೆ. ಆಗ ಬೈಕು ಎದ್ದು ನೆಟ್ಟಗಾಗಿ ಸೀದಾ ಹೋಗುತ್ತದೆ. ನಿಮ್ಮ ‘ತಾನಾಗೇ ಬಲಕ್ಕೆ’ ಅನ್ನೋದು ಇದೇ.

ಸ್ವಲ್ಪ ಜಾಸ್ತಿಯಾದರೆ ಏನಾಗುತ್ತೆ ಅನ್ನಬೇಡಿ. ಅದೇ ತಿರುವಿನಲ್ಲಿ 20ರ ಬದಲು 40ರಲ್ಲಿ ಹೋದರೆ ಟಯರಿನ ಹಿಡಿತ ನಾಲ್ಕು ಪಟ್ಟು ಬೇಕು. 30ರಿಂದ 36ಕ್ಕೆ ಏರಿಸಿದರೂ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ಮುಂದೇನಿದೆ ಅಂತ ರಸ್ತೆಯೇ ಹೇಳುತ್ತದೆ. ಎಡದ ಅಂಚು, ಬಲದ ಅಂಚು ಎರಡೂ ದೂರದಲ್ಲಿ ಒಂದೇ ಕಡೆ ಕೂಡಿದ ಹಾಗೆ ಕಾಣುತ್ತದಲ್ಲ, ಆ ಜಾಗ ನೋಡಿ. ಅದು ನಿಮ್ಮ ಕಡೆಗೇ ಬರುತ್ತಿದ್ದರೆ ತಿರುವು ಇನ್ನೂ ಬಿಗಿಯಾಗುತ್ತಿದೆ, ನಿಧಾನಿಸಿ. ಅದೂ ನಿಮ್ಮ ಜೊತೆ ಮುಂದೆ ಓಡುತ್ತಿದ್ದರೆ ರಸ್ತೆ ಬಿಚ್ಚಿಕೊಳ್ಳುತ್ತಿದೆ. ಎಡ ತಿರುವಿಗೆ ನಿಮ್ಮ ಅರ್ಧದಲ್ಲೇ ಸ್ವಲ್ಪ ನಡುಗೆರೆಯ ಕಡೆಗಿದ್ದು ಹೋಗಿ. ಆಚೆಯ ರಸ್ತೆ ಕಂಡ ಮೇಲೆ ಎಡಕ್ಕೆ ಬನ್ನಿ. ಬೇಗ ಒಳಗೆ ನುಗ್ಗಿದರೆ ಕೊನೆಯಲ್ಲಿ ಹೊರಗೆ ಎಸೆಯುತ್ತದೆ. ಬಲ ತಿರುವಿನಲ್ಲಿ ಎಡಕ್ಕೇ ಇರಿ, ಕತ್ತರಿಸಬೇಡಿ. ಚಕ್ರ ನಿಮ್ಮ ಅರ್ಧದಲ್ಲೇ ಇದ್ದರೂ ಬೈಕ್ ವಾಲಿದಾಗ ನಿಮ್ಮ ತಲೆ ಗೆರೆಯ ಆಚೆಗಿರುತ್ತದೆ. ಎದುರಿನ ಬಸ್ಸೂ ಅಲ್ಲೇ ಬರುತ್ತದೆ.

ಇನ್ನೊಂದು ಸಲ ಹೋಗುವುದಾದರೆ ಮೊದಲು ಕೆಳಗಿಂದ ಹತ್ತಿ. ಏರಿನಲ್ಲಿ ಗಾಡಿ ತಾನಾಗೇ ನಿಧಾನವಾಗುತ್ತದೆ, ತಪ್ಪಿದರೂ ತಿದ್ದಿಕೊಳ್ಳಲು ಹೊತ್ತು ಸಿಗುತ್ತದೆ. ಭಾನುವಾರ ಬೇಡ. ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಕೊಡುವವರು ಸರಿಯಾಗಿ ತಿರುವಿನಲ್ಲೇ ನಿಂತಿರುತ್ತಾರೆ.

ಬಲಕ್ಕೆ ತಿರುಗಬೇಕಾದರೆ ಬಲಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು ಅಂತ ಗೆಳೆಯ ಹೇಳುತ್ತಾನೆ. ಹಾಗೆ ಮಾಡಿದರೆ ಚಕ್ರ ಎಡಕ್ಕೆ ತಿರುಗುವುದಿಲ್ಲವೇ? ತಮಾಷೆ ಮಾಡುತ್ತಿದ್ದಾನಾ?
– ಓದುಗ, ದಾವಣಗೆರೆ

ಇಲ್ಲ, ನಿಜವನ್ನೇ ಹೇಳಿದ್ದಾನೆ. ಬಲಗೈಯಿಂದ ಮುಂದಕ್ಕೆ ತಳ್ಳಿದಾಗ ಮುಂದಿನ ಚಕ್ರ ಒಂದು ಕ್ಷಣ ಎಡಕ್ಕೆ ಸರಿಯುತ್ತದೆ. ಮೇಲಿನ ಭಾರ ಇದ್ದಲ್ಲೇ ಇರುವುದರಿಂದ ಬೈಕು ಬಲಕ್ಕೆ ವಾಲುತ್ತದೆ. ವಾಲಿದ ಮೇಲೆ ಬಲಕ್ಕೆ ತಿರುಗುತ್ತದೆ. ಚಿಕ್ಕಂದಿನಲ್ಲಿ ಸೈಕಲ್ ಕಲಿತಾಗಲೇ ನಿಮ್ಮ ಕೈಗೆ ಇದು ಗೊತ್ತಾಗಿದೆ, ತಲೆಗೆ ಯಾರೂ ಹೇಳಿರಲಿಲ್ಲ ಅಷ್ಟೆ.

ಖಾಲಿ ಮೈದಾನದಲ್ಲಿ 30ರ ವೇಗದಲ್ಲಿ ಅಂಗೈ ಬಿಚ್ಚಿ ಮೆತ್ತಗೆ ತಳ್ಳಿ ನೋಡಿ. ತೆಂಗಿನ ಸಿಪ್ಪೆ ನಾಲ್ಕಾರು ಸಾಲಾಗಿ ಇಟ್ಟುಕೊಂಡು ಅದರ ನಡುವೆ ಓಡಿಸಿ. ಸಿಪ್ಪೆಯನ್ನು ನೋಡಬೇಡಿ, ನಡುವಿನ ಜಾಗ ನೋಡಿ. ಆದರೆ ನಡೆಯುವಷ್ಟು ನಿಧಾನದಲ್ಲಿ ಈ ಲೆಕ್ಕ ಇಲ್ಲ. ಅಲ್ಲಿ ಹ್ಯಾಂಡಲ್ ತಿರುಗಿಸಿದ ಕಡೆಗೇ ಗಾಡಿ ತಿರುಗುತ್ತದೆ, ಹಿಂದಿನ ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟಿದ್ದರೆ ಓಲಾಡುವುದಿಲ್ಲ.

ನನ್ನ ಬೈಕಿಗೆ ಎಬಿಎಸ್ ಇದೆ. ತಿರುವಿನಲ್ಲಿ ಧೈರ್ಯವಾಗಿ ಬ್ರೇಕ್ ಹಿಡಿಯಬಹುದಲ್ಲ?
– ಓದುಗ, ಮಂಡ್ಯ

ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಪೂರ್ತಿ ಬಿಗಿದು ಜಾರದ ಹಾಗೆ ತಡೆಯುವುದೇ ಎಬಿಎಸ್. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕಿಗೂ ಅದು ಕಡ್ಡಾಯ. ಒಳ್ಳೆಯದೇ. ಆದರೆ ಎಷ್ಟೋ ಬೈಕಿನಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಟಯರಿನ ಹಿಡಿತ ಅನ್ನೋದು ತಿಂಗಳ ಸಂಬಳ ಇದ್ದ ಹಾಗೆ, ತಿರುಗಲು ಅರ್ಧ ಖರ್ಚು ಮಾಡಿದರೆ ಬ್ರೇಕಿಗೆ ಉಳಿದಷ್ಟೇ. ಮೆತ್ತಗೆ ಹಿಡಿಯಬಹುದು, ಗಬಕ್ಕನೆ ಬೇಡ. ಪಾಚಿ, ಜಲ್ಲಿ ಪುಡಿ, ಲಾರಿಯಿಂದ ಚೆಲ್ಲಿದ ಡೀಸೆಲ್ ಇದ್ದ ಕಡೆ ಯಾವ ಎಬಿಎಸ್ಸೂ ಬೈಕನ್ನು ತಿರುಗಿಸಿ ಕೊಡುವುದಿಲ್ಲ.

ನಮ್ಮೆಜಮಾನ್ರು ತಿರುವು ಬಂದಾಗೆಲ್ಲ “ನೀನು ಅಲುಗಾಡ್ತೀಯ, ಅದಕ್ಕೇ ಗಾಡಿ ಓಲಾಡುತ್ತೆ” ಅಂತ ಬೈತಾರೆ. ನಾನು ಸೀರೆ ಉಟ್ಟು ಒಂದೇ ಪಕ್ಕ ಕೂರುತ್ತೇನೆ. ತಪ್ಪು ನನ್ನದಾ?
– ಓದುಗಿ, ಸಕಲೇಶಪುರ

ಅರ್ಧ ಅವರದು, ಅರ್ಧ ಸೀರೆಯದು. ನಿಮ್ಮದು ಏನೂ ಇಲ್ಲಮ್ಮ. ಒಂದೇ ಪಕ್ಕ ಕೂತರೆ ಭಾರ ಎಡಕ್ಕೇ ಬೀಳುತ್ತದೆ, ಹಿಡಿದುಕೊಳ್ಳಲೂ ಸರಿಯಾಗುವುದಿಲ್ಲ. ಗಾಡಿ ಬಲಕ್ಕೆ ವಾಲಿದಾಗ ಬೆನ್ನ ಹಿಂದೆ ಬಿದ್ದುಹೋಗುತ್ತೇನೆ ಅನ್ನಿಸಿ ನೀವು ಎಡಕ್ಕೆ ಎಳೆದುಕೊಳ್ಳುತ್ತೀರಿ. ಯಾರಾದರೂ ಹಾಗೇ ಮಾಡುತ್ತಾರೆ. ಘಾಟಿಗೆ ಹೋಗುವ ದಿನ ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಿ. ಗಾಡಿ ಬಲಕ್ಕೆ ತಿರುಗುವಾಗ ಅವರ ಬಲ ಹೆಗಲ ಮೇಲಿಂದ ರಸ್ತೆ ನೋಡಿ, ಎಡಕ್ಕೆ ತಿರುಗುವಾಗ ಎಡ ಹೆಗಲ ಮೇಲಿಂದ. ಮೈ ತಾನಾಗೇ ಸರಿಹೋಗುತ್ತದೆ. ಹಿಂದಿನ ಟಯರಿಗೆ ಇಬ್ಬರಿಗೆ ಬೇಕಾದಷ್ಟು ಗಾಳಿ ಇದೆಯಾ ಅಂತಲೂ ಎಜಮಾನರನ್ನು ಕೇಳಿ. ಒಬ್ಬರ ಲೆಕ್ಕ, ಇಬ್ಬರ ಲೆಕ್ಕ ಬೇರೆ ಬೇರೆ, ಗಾಡಿಯ ಮೇಲೆ ಅಂಟಿಸಿರುತ್ತಾರೆ. ಆ ಚೀಟಿ ಓದುವವರು ನೂರಕ್ಕೆ ಹತ್ತು ಜನವೂ ಇಲ್ಲ ಅನ್ನೋದು ನನ್ನ ಅನುಮಾನ.

ಚಾರ್ಮಾಡಿ ಇಳಿಯುವಾಗ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತೆ ಅಂತ ಅಪ್ಪ ಹೇಳುತ್ತಾರೆ. ಹೌದಾ?
– ಓದುಗ, ಮೂಡಿಗೆರೆ

ಮಾಡಲೇಬೇಡಿ. ಇಳಿಜಾರಿನಲ್ಲಿ ಗಾಡಿಯನ್ನು ಅರ್ಧ ಹಿಡಿದಿಟ್ಟುಕೊಳ್ಳುವುದು ಎಂಜಿನ್ನೇ. ಅದನ್ನು ಬಿಟ್ಟರೆ ಪೂರ್ತಿ ಭಾರ ಬ್ರೇಕಿಗೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಕಮ್ಮಿಯಾಗುತ್ತದೆ. ಕೀ ತಿರುಗಿಸಿದರೆ ಹಾರ್ನೂ ಇಲ್ಲ, ಲೈಟೂ ಇಲ್ಲ. ಮಂಜು ಕವಿದ ತಿರುವಿನಲ್ಲಿ ಹಾರ್ನಿಲ್ಲದೆ ಇಳಿಯುವುದು ಹೇಗೆ ಅಂತ ಅಪ್ಪನನ್ನೇ ಕೇಳಿ. ಇನ್ನು ಪೆಟ್ರೋಲ್ ವಿಷಯ. ಈಗಿನ ಫ್ಯುಯಲ್ ಇಂಜೆಕ್ಷನ್ ಬೈಕುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದನ್ನೇ ನಿಲ್ಲಿಸುತ್ತವೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ರಸ್ತೆ ಕಿರಿದಾದ ಕಡೆ ಹತ್ತಿ ಬರುವ ಗಾಡಿಗೆ ಮೊದಲು ದಾರಿ, ಇಳಿಯುವ ನೀವು ನಿಲ್ಲಬೇಕು. ಎಂಜಿನ್ ಆಫ್ ಆಗಿದ್ದರೆ ನಿಂತ ಮೇಲೆ ಹೊರಡೋದೂ ಒಂದು ತಲೆನೋವು.

ಅಪ್ಪನಿಗೆ ಹೇಳುವಾಗ ಅವರನ್ನು ಬೈಯಬೇಡಿ. ತಿಂಗಳ ಕೊನೆಯಲ್ಲಿ ಕಂಪನಿಯ ಪೆಟ್ರೋಲ್ ಭತ್ಯೆ ಮುಗಿದಾಗ ಆಗುಂಬೆಯಲ್ಲಿ ನಾನೂ ಆಫ್ ಮಾಡಿಯೇ ಇಳಿಯುತ್ತಿದ್ದೆ.