ಅಪ್ಪನ ಕಣ್ಣಿನ ಹೊರಮೂಲೆಲಿ ಹಳದಿ ಉಬ್ಬು ಬಂದಿದೆ, ಕೊಬ್ಬು ಜಾರಿದೆ ಅಂದ್ರು, ಆಪರೇಷನ್ ಬೇಕೇ ಬೇಕಾ? (ಶಿರಸಿ)

ಹೆದರಬೇಡಿ, ಕೊಬ್ಬು ಜಾರೋದು ಕ್ಯಾನ್ಸರ್ ಅಲ್ಲ. ವಯಸ್ಸಾದ ಹಾಗೆ ಗುಡ್ಡೆ ಸುತ್ತ ಇರೋ ಪೊರೆ ಸಡಿಲಾಗಿ ಹಿಂದಿನ ಕೊಬ್ಬು ಮುಂದಕ್ಕೆ ಜಾರತ್ತೆ, ಮೂಗಿನ ಕಡೆ ನೋಡಿದಾಗ ಇನ್ನೂ ಚೆನ್ನಾಗಿ ಕಾಣತ್ತೆ. ತೊಂದ್ರೆ ಕೊಡ್ತಾ ಇಲ್ಲ ಅಂದ್ರೆ ಹಾಗೇ ಬಿಡಬಹುದು. ಚುಚ್ಚೋದು, ಕೆಂಪಾಗೋದು ಇದ್ರೆ ಆ ಜಾಗ ಮರಗಟ್ಟಿಸಿ, ಬಿಳಿಗುಡ್ಡೆ ಮೇಲಿನ ತೆಳು ಪೊರೆ ಸ್ವಲ್ಪ ಬಿಡಿಸಿ, ಹೊರಗೆ ಬಂದಷ್ಟೇ ಕೊಬ್ಬು ಕತ್ತರಿಸಿ ರಕ್ತನಾಳ ಸುಟ್ಟು ಕರಗೋ ಹೊಲಿಗೆ ಹಾಕ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಕೊಬ್ಬನ್ನ ಜಗ್ಗಿ ತೆಗೀಬಾರದು, ಗುಡ್ಡೆ ಹಿಂದೆ ರಕ್ತ ತುಂಬಿದ್ರೆ ದೃಷ್ಟಿಗೇ ಅಪಾಯ, ಪಕ್ಕದಲ್ಲೇ ಕಣ್ಣೀರಿನ ಗ್ರಂಥಿ ಬೇರೆ ಇರತ್ತೆ, ಅದಕ್ಕೇ ಹುಬ್ಬಳ್ಳಿನೋ ಮಣಿಪಾಲನೋ ದೂರ ಆದ್ರೂ ಆಕ್ಯುಲೋಪ್ಲಾಸ್ಟಿ ಸರ್ಜನ್ (ರೆಪ್ಪೆ, ಕಣ್ಣಿನ ಸುತ್ತಲಿನ ಭಾಗದ ಆಪರೇಷನ್ ಮಾಡೋ ಕಣ್ಣಿನ ಡಾಕ್ಟ್ರು) ಹತ್ರಾನೇ ಮಾಡಿಸಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಮೊದ್ಲೇ ಹೇಳಿ. ಉಬ್ಬು ಹಳದಿ ಹೋಗಿ ಗುಲಾಬಿ ಬಣ್ಣಕ್ಕೆ ಬಂದು ಗಟ್ಟಿಯಾಗ್ತಿದೆ ಅಂದ್ರೆ ಮಾತ್ರ ಕಾಯಬೇಡಿ, ಬೇಗ ತೋರಿಸಿ, ಅದಕ್ಕೆ ಬಯಾಪ್ಸಿ (ಚೂರು ತೆಗೆದು ಲ್ಯಾಬಲ್ಲಿ ನೋಡೋದು) ಬೇಕಾಗಬಹುದು.