ತುಮರಿ ಕಡೆಯ ಹಸೆ ಚಿತ್ತಾರಕ್ಕೆ ಯಾವ ಬಣ್ಣ?

ಶರಾವತಿ ಹಿನ್ನೀರಿನ ತುಮರಿ ಕಡೆ ದೀವರು ಸಮುದಾಯದವರ ಮನೆ ಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಅಂಗಡಿ ಬಣ್ಣ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತೆ, ಆದರೆ ಆ ಹೊಳಪು ನನಗೆ ಹಿಡಿಸುವುದಿಲ್ಲ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯಿರಿ, ಪೂರ್ತಿ ಒಣಗಲಿ. ಬಿಳಿಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿದರೆ ಸಾಕು. ಕಪ್ಪಿಗೂ ಅಕ್ಕಿಯೇ, ಕರಿಯಾಗುವಷ್ಟು ಹುರಿದದ್ದು. ಹಳದಿ ಬಣ್ಣ ‘ಗುರಿಗೆ’ ಅನ್ನುವ ಕಾಯಿಯದು. ಕುಂಚ ಮಾತ್ರ ಪುಂಡಿ ಗಿಡದ ನಾರಿನದ್ದೇ ಇರಲಿ. ಆ ಸಣ್ಣ ಗೆರೆ ಪೇಂಟ್ ಬ್ರಷ್‌ನಲ್ಲಿ ಬರುವುದು ಕಷ್ಟ.

ಸುಮ್ನೆ ಫೋಟೋ ನೋಡಿ ಬರೆಯುವ ಬದಲು ಒಮ್ಮೆ ಹೋಗಿ ಬನ್ನಿ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದಿದೆ, ಹಿನ್ನೀರು ದಾಟಲು ಲಾಂಚ್‌ಗೆ ಕಾಯಬೇಕಿಲ್ಲ. ರೈತರು ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ಸ್ವಲ್ಪ ಮೊದಲು ಹೋದರೆ, ಆ ಪೂಜೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಹೆಂಗಸರು ಚಿತ್ತಾರ ಬರೆಯುವುದೂ ಸಿಗುತ್ತೆ. ಕಲಿಯುವವರಿಗೆ ಗೋಡೆಗಿಂತ ಬುಟ್ಟಿ ಸಲೀಸು, ಅಲ್ವಾ?