ಪಂದ್ಯದ ದಿನ ಏರಿದ ಶುಗರ್ ನಡುರಾತ್ರಿ ಕುಸಿದದ್ದೇಕೆ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಮೂರು ವರ್ಷಗಳಿಂದ ಟೈಪ್ 1 ಮಧುಮೇಹವಿದ್ದು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾನೆ. ಶಾಲೆಯ ಕಬಡ್ಡಿ ತಂಡದಲ್ಲಿ ರೈಡರ್. ಅಭ್ಯಾಸ ಮುಗಿಸಿ ಬಂದ ದಿನ ಶುಗರ್ ಇಳಿದಿರುತ್ತದೆ. ಆದರೆ ಈಚೆಗೆ ಪಂದ್ಯಕ್ಕೆ ಮೊದಲು 140 ಇದ್ದದ್ದು ಮುಗಿದಾಗ 265 ಆಗಿತ್ತು. ಗಾಬರಿಯಿಂದ ಇನ್ಸುಲಿನ್ ಕೊಟ್ಟೆವು. ರಾತ್ರಿ ಎರಡು ಗಂಟೆಗೆ ಬೆವತು ನಡುಗುತ್ತ ಎದ್ದ, ನೋಡಿದರೆ 58. ಆಟ ಬಿಡಿಸಬೇಕೇ?
– ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ಆಟ ಬಿಡಿಸಬೇಡಿ, ತಾಯಿ. ಅಂದು ಶುಗರ್ ಏರಿದ್ದಕ್ಕೆ ನೀವು ಕೊಟ್ಟ ಊಟವೇ ಕಾರಣವೆಂದು ಕೊರಗಬೇಕಾಗಿಯೂ ಇಲ್ಲ. ಅಭ್ಯಾಸದ ಓಟದಲ್ಲಿ ಸ್ನಾಯುಗಳು ರಕ್ತದ ಸಕ್ಕರೆಯನ್ನು ಒಂದೇ ಸಮನೆ ಹೀರಿಕೊಳ್ಳುತ್ತವೆ. ಮೊದಲೇ ಚುಚ್ಚಿಕೊಂಡ ಇನ್ಸುಲಿನ್ನೂ ಜೊತೆಗೂಡುವುದರಿಂದ ಮಟ್ಟ ಇಳಿಯುತ್ತದೆ. ಪಂದ್ಯದ ದಿನ ಹಾಗಲ್ಲ. ಸೀಟಿ ಊದುವ ಮೊದಲೇ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಅಡ್ರಿನಲಿನ್ನಿನ ಕೆಲಸ. ಅದರ ಸೂಚನೆಯಂತೆ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಉಸಿರು ಬಿಗಿಹಿಡಿದು 30 ಸೆಕೆಂಡಿನಲ್ಲಿ ಮುಗಿಸಬೇಕಾದ ರೈಡ್‌ನಂಥ ತೀವ್ರ ಶ್ರಮವು ಆ ಏರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಧುಮೇಹವಿಲ್ಲದ ಆಟಗಾರನಲ್ಲೂ ಸಕ್ಕರೆ ಏರುವುದುಂಟು; ಆದರೆ ಅವನ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಿ ಅದನ್ನು ಬೇಗನೆ ಹತೋಟಿಗೆ ತರುತ್ತದೆ. ನಿಮ್ಮ ಮಗನ ದೇಹದಲ್ಲಿ ಆ ಏರ್ಪಾಡು ಇಲ್ಲ.

ಅಪಾಯವಿರುವುದು ಆಮೇಲಿನ ಗಂಟೆಗಳಲ್ಲಿ. ಆಟದಲ್ಲಿ ಬರಿದಾದ ಸ್ನಾಯುಗಳು ರಾತ್ರಿಯಿಡೀ ಸಕ್ಕರೆ ತುಂಬಿಕೊಳ್ಳುತ್ತಿರುತ್ತವೆ, ಇನ್ಸುಲಿನ್ನಿನ ಪರಿಣಾಮವೂ ಮಾಮೂಲಿಗಿಂತ ಹೆಚ್ಚಾಗಿರುತ್ತದೆ. ಅದರ ಮೇಲೆ ಹೆಚ್ಚುವರಿ ಇನ್ಸುಲಿನ್ ಬಿದ್ದದ್ದರಿಂದ 58ಕ್ಕೆ ಇಳಿದಿರಬಹುದು. ಆದ್ದರಿಂದ ಪಂದ್ಯ ಮುಗಿದ ಕೂಡಲೇ ಸೂಜಿಗೆ ಕೈ ಹಾಕಬೇಡಿ. ಮೊದಲು ಅವನು ಸೋಪಿನಿಂದ ಕೈ ತೊಳೆಯಲಿ: ಬೆರಳಿಗೆ ಅಂಟಿದ ಗ್ಲೂಕೋಸ್ ಪುಡಿಯಿಂದಲೂ ಮೀಟರ್ ಹೆಚ್ಚು ತೋರಿಸುತ್ತದೆ. ನೀರು ಕುಡಿದು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಎಷ್ಟು ಕೊಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ. ಆಟದ ನಂತರ ಸಾಮಾನ್ಯವಾಗಿ ಎಂದಿನ ಪ್ರಮಾಣಕ್ಕಿಂತ ಕಡಿಮೆಯೇ ಸಾಕಾಗುತ್ತದೆ. ಪಂದ್ಯದ ರಾತ್ರಿ ಮಲಗುವ ಮುನ್ನವೂ ಎರಡು ಗಂಟೆಗೂ ತಪ್ಪದೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ.

ಆಟಕ್ಕಿಳಿಯುವಾಗ 126ರಿಂದ 180ರೊಳಗಿದ್ದರೆ ಒಳ್ಳೆಯದು. 270 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹವು ಕೊಬ್ಬನ್ನು ಕರಗಿಸುವಾಗ ರಕ್ತದಲ್ಲಿ ಸೇರುವ ಆಮ್ಲ) ಪರೀಕ್ಷಿಸಬೇಕು. ಕೀಟೋನ್ ಹೆಚ್ಚಿದ್ದರೆ ಎಂಥ ಮುಖ್ಯ ಪಂದ್ಯವಾದರೂ ಆಡುವಂತಿಲ್ಲ. ತರಬೇತುದಾರರಿಗೂ ಜೊತೆ ಆಟಗಾರರಿಗೂ ಅವನ ಕಾಯಿಲೆಯ ವಿಷಯ ತಿಳಿದಿರಲಿ, ಮುಚ್ಚಿಡಬೇಡಿ. ವಾಸಿಂ ಅಕ್ರಮ್ ಅವರಿಗೆ 1997ರಲ್ಲಿ ಮಧುಮೇಹ ಪತ್ತೆಯಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2003ರ ವಿಶ್ವಕಪ್‌ವರೆಗೂ ಅವರು ಬೌಲ್ ಮಾಡಿದರು. ಮುಂದಿನ ಮೂರು ಪಂದ್ಯಗಳ ಮೊದಲಿನ, ನಂತರದ ಮತ್ತು ರಾತ್ರಿಯ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ವೈದ್ಯರಿಗೆ ತೋರಿಸಿ; ಪಂದ್ಯದ ದಿನದ ಇನ್ಸುಲಿನ್ ಪ್ರಮಾಣವನ್ನು ಅವರು ಅದನ್ನು ನೋಡಿಯೇ ನಿಗದಿಪಡಿಸಬಲ್ಲರು.